ಎಡಗಡೆಯ ನಟ್ಟು

"ಬಲಕ್ಕೆ ಬಿಗಿ, ಎಡಕ್ಕೆ ಸಡಿಲ. ಬಲಕ್ಕೆ ಬಿಗಿ, ಎಡಕ್ಕೆ ಸಡಿಲ."

ಮಾವ ಮಂತ್ರದಂತೆ ಇದನ್ನೇ ಹೇಳುತ್ತ ಸ್ಪ್ಯಾನರನ್ನು ಎರಡೂ ಕೈಯಲ್ಲಿ ಹಿಡಿದು ಎಡಕ್ಕೆ ಎಳೆದ. ಮುಖ ಕೆಂಪಾಯಿತು. ಕತ್ತಿನ ನರ ಉಬ್ಬಿತು. ನಟ್ಟು ಮಾತ್ರ ಜಪ್ಪಯ್ಯ ಅಂದರೂ ಅಲ್ಲಾಡಲಿಲ್ಲ.

"ಏನಾದ್ರೂ ಅಲ್ಲಾಡ್ತಿದ್ಯಾ?" ಎಂದು ಹಲ್ಲು ಕಚ್ಚಿಕೊಂಡೇ ಕೇಳಿದ.

"ನಿನ್ನ ಕಿವಿ ಅಲ್ಲಾಡ್ತಿದೆ ಮಾವ," ಎಂದಳು ಚೂಟಿ.

ಮಾವನಿಗೆ ನಗು ತಡೆಯಲಿಲ್ಲ. ಸ್ಪ್ಯಾನರ್ ಜಾರಿತು. ಅವನು ಧೊಪ್ಪನೆ ಹಿಂದಕ್ಕೆ ಬಿದ್ದು ಕೂತ, ಅದೂ ಸೀಮೆಎಣ್ಣೆ ತುಂಬಿದ ತಟ್ಟೆಯ ಮೇಲೆ.

"ಎದ್ದೇಳು," ಎಂದಳು ಅಮ್ಮ, ತಲೆ ಎತ್ತದೆ. "ಆ ಸೀಮೆಎಣ್ಣೆ ಇನ್ನೂ ಬೇಕು."

ಮನೆಯಲ್ಲಿ ಇರುವುದೇ ಮೂವರು: ಅಮ್ಮ, ಅಮ್ಮನ ತಮ್ಮನಾದ ಮಾವ, ಮತ್ತು ಚೂಟಿ. ಮಾವನಿಗೆ ಬೇಕರಿಯಲ್ಲಿ ಕೆಲಸ. ದಿನವೂ ಬೆಳಗಿನ ಜಾವ ಮೂಟೆಗಟ್ಟಲೆ ಹಿಟ್ಟು ನಾದಿ ನಾದಿ ಅವನ ತೋಳುಗಳು ಗಟ್ಟಿಯಾಗಿದ್ದವು. ಇಡೀ ಬೀದಿಯಲ್ಲಿ ಯಾರ ಮನೆಯ ಡಬ್ಬಿಯ ಮುಚ್ಚಳ ಕಚ್ಚಿಕೊಂಡರೂ ಮಾವನಿಗೇ ಬುಲಾವು. ಅಂಥ ಮಾವನ ಮರ್ಯಾದೆಯನ್ನು ಒಂದು ನಟ್ಟು ಎರಡು ದಿನದಿಂದ ಕಳೆಯುತ್ತಿತ್ತು.

ಅಮ್ಮನದು ಸಾಣೆ ಹಿಡಿಯುವ ಕೆಲಸ. ಕತ್ತರಿ, ಚಾಕು, ಉಳಿ, ಹುಲ್ಲು ಕತ್ತರಿಸುವ ಬ್ಲೇಡು, ಮೊಂಡಾದದ್ದು ಏನೇ ಇರಲಿ, ಅವಳ ಕೈ ಮುಟ್ಟಿದರೆ ಹರಿತ. ಎಂಟು ವರ್ಷ ಒಬ್ಬ ಮುದುಕರ ಅಂಗಡಿಯಲ್ಲಿ ದುಡಿದಿದ್ದಳು. ಹೋದ ತಿಂಗಳು ಅವರು ಅಂಗಡಿ ಮುಚ್ಚಿ ಮಗಳ ಮನೆಗೆ ಹೋದರು. ಅವರ ಮೆಷಿನ್ನು ಯಾರಿಗೋ ಮಾರಾಟವಾಯಿತು. ಅಮ್ಮ ಒಂದು ದಿನ ಸುಮ್ಮನೆ ಕೂತಳು. ಎರಡನೆಯ ದಿನ ಮನೆಯ ಮುಂದಿನ ಸಣ್ಣ ಕೋಣೆಯಲ್ಲಿದ್ದ ಸಾಮಾನೆಲ್ಲ ಹೊರಗೆ ಹಾಕಿ, "ಇಲ್ಲೇ ನಮ್ಮ ಅಂಗಡಿ," ಎಂದಳು.

ಅಂಗಡಿ ಎಂದ ಮೇಲೆ ಮೆಷಿನ್ ಬೇಕಲ್ಲ. ಹೊಸದು ಕೊಳ್ಳುವ ಮಾತೇ ಇರಲಿಲ್ಲ. ಭಾನುವಾರ ಗುಜರಿ ಅಂಗಡಿಯಲ್ಲಿ, ಮುರಿದ ಸೈಕಲ್ಲುಗಳ ರಾಶಿಯ ಅಡಿಯಲ್ಲಿ, ಅಮ್ಮನ ಕಣ್ಣಿಗೆ ಒಂದು ಗ್ರೈಂಡರ್ ಬಿತ್ತು. ನಡುವೆ ಡೊಳ್ಳುಹೊಟ್ಟೆಯಂಥ ಮೋಟರು, ಎಡಬಲಕ್ಕೆ ಒಂದೊಂದು ದುಂಡು ಸಾಣೆಕಲ್ಲು. ಬಲಗಡೆಯದು ತರಿತರಿ, ಎಡಗಡೆಯದು ನುಣುಪು. ವೈರು ಇರಲಿಲ್ಲ, ಸ್ವಿಚ್ಚು ಇರಲಿಲ್ಲ. ಮೈತುಂಬ ತುಕ್ಕು ಮಾತ್ರ ಧಾರಾಳವಾಗಿತ್ತು.

"ಓಡತ್ತಾ?" ಎಂದು ಅಮ್ಮ ಕೇಳಿದ್ದಳು.

"ಕುದುರೆ ಥರ ಓಡತ್ತಕ್ಕ," ಎಂದಿದ್ದ ಗುಜರಿಯವನು.

"ನೀನು ಓಡ್ಸಿ ನೋಡಿದ್ಯಾ?"

"ಇಲ್ಲ. ಆದ್ರೆ ಮುಖ ನೋಡಿದ್ರೆ ಗೊತ್ತಾಗತ್ತಲ್ಲ."

ಮನೆಗೆ ತಂದ ಮೇಲೆ ಅಮ್ಮ ಗೋಡೆಗೆ ಒಂದು ಹಾಳೆ ಅಂಟಿಸಿ ಮೂರು ಪಟ್ಟಿ ಬರೆದಳು: ಕೊಳ್ಳೋದು, ಕೇಳಿ ತರೋದು, ನಾವೇ ಮಾಡ್ಕೊಳ್ಳೋದು. ಕೊಳ್ಳುವ ಪಟ್ಟಿಯಲ್ಲಿ ಎರಡಕ್ಕಿಂತ ಹೆಚ್ಚು ಇರಬಾರದೆಂದು ಅವಳದೇ ಕಟ್ಟಪ್ಪಣೆ. ಹಾಗಾಗಿ ಸ್ವಿಚ್ಚು ಪಕ್ಕದ ಮನೆಯವರ ಕೆಟ್ಟ ಟೇಬಲ್ ಫ್ಯಾನಿನಿಂದ ಬಂತು. ಹಸಿರು ಬಣ್ಣ ಎದುರು ಮನೆಯ ಗೇಟಿಗೆ ಬಳಿದು ಉಳಿದದ್ದು. ಕೆಳಗಿನ ನಾಲ್ಕು ರಬ್ಬರ್ ಪಾದಗಳನ್ನು ಚೂಟಿಯ ಹಳೆಯ ಚಪ್ಪಲಿಯಿಂದ ಮಾಡಿದರು. ತುಕ್ಕು ಉಜ್ಜಲು ಮೂವರ ಹಳೆಯ ಹಲ್ಲುಜ್ಜುವ ಬ್ರಷ್ಷುಗಳೂ ಸಾಲಾಗಿ ಬಂದು ನಿಂತವು.

ಆಮೇಲೆ ಅಮ್ಮ ಸ್ಕ್ರೂಡ್ರೈವರಿನ ಮರದ ಹಿಡಿಯಿಂದ ಬಲಗಡೆಯ ಕಲ್ಲನ್ನು ತಟ್ಟಿದಳು. ಠಣ್ ಎಂದಿತು. ಎಡಗಡೆಯದನ್ನು ತಟ್ಟಿದಳು. ದಬ್ ಎಂದಿತು.

ಅಮ್ಮನ ಮುಖ ಸಪ್ಪಗಾಯಿತು. "ಒಳಗೆ ಬಿರುಕು ಬಿಟ್ಟಿದೆ. ಈ ಕಲ್ಲು ಜೋರಾಗಿ ತಿರುಗಿದ್ರೆ ಚೂರು ಚೂರಾಗಿ ಮುಖಕ್ಕೆ ಹಾರತ್ತೆ. ಇದನ್ನ ಬಿಚ್ಚಿ ಹೊಸದು ಹಾಕೋ ತನಕ ಯಾರೂ ಸ್ವಿಚ್ ಮುಟ್ಟೋ ಹಾಗಿಲ್ಲ."

ಅಲ್ಲಿಗೆ ಕೊಳ್ಳುವ ಪಟ್ಟಿ ತುಂಬಿತು. ಒಂದು ವೈರು, ಒಂದು ನುಣುಪು ಕಲ್ಲು. ಎರಡೂ ಬಂದವು. ಬಲಗಡೆಯ ನಟ್ಟು ಮಾವ ಒಂದು ಸಲ ಎಡಕ್ಕೆ ತಿರುಗಿಸಿದ್ದೇ ತಡ, ಹೇಳಿದ ಮಾತು ಕೇಳುವ ಮಗುವಿನ ಹಾಗೆ ಸರಕ್ಕನೆ ಬಿಚ್ಚಿಕೊಂಡಿತು. ಎಡಗಡೆಯ ನಟ್ಟು ಬಿಚ್ಚಲಿಲ್ಲ. ಅದೇ ದಿನ, ಸೋಮವಾರ, ಟೈಲರಮ್ಮ ಬಂದು ಹನ್ನೆರಡು ದೊಡ್ಡ ಕತ್ತರಿಗಳ ಗಂಟನ್ನು ಅಮ್ಮನ ಮುಂದೆ ಇಟ್ಟಳು.

ಟೈಲರಮ್ಮ ಮೂರು ಹೊಲಿಗೆ ಅಂಗಡಿಗಳ ಯಜಮಾನಿ. ಕತ್ತಿನಲ್ಲಿ ಯಾವಾಗಲೂ ಅಳತೆ ಟೇಪು, ಮಾತಿನಲ್ಲೂ ಅಳತೆ.

"ಶುಕ್ರವಾರ ಬೆಳಿಗ್ಗೆ ಬೇಕು," ಎಂದಳು. "ಚೆನ್ನಾಗಿ ಮಾಡಿದ್ರೆ ನನ್ನ ಮೂರೂ ಅಂಗಡಿ ಕತ್ತರಿ ಪ್ರತಿ ತಿಂಗಳೂ ನಿಮಗೇ. ಇಲ್ಲಾಂದ್ರೆ ಬೇರೆಯವರು ಇದ್ದಾರೆ." ಬಾಗಿಲ ತನಕ ಹೋದವಳು ತಿರುಗಿದಳು. "ಅದ್ರಲ್ಲಿ ಕೆಂಪು ಬಟ್ಟೆ ಸುತ್ತಿರೋದು ದರಿದ್ರ ಕತ್ತರಿ. ಯಾರ ಕೈಗೂ ಬಗ್ಗಲ್ಲ. ಬಟ್ಟೆ ಕತ್ತರಿಸು ಅಂದ್ರೆ ಅಗಿಯತ್ತೆ. ಸಾಣೆ ಹಿಡಿದು ನೋಡಿ, ಆಗದಿದ್ರೆ ಬಿಸಾಕಿ. ಮತ್ತೆ ಒಂದು ಮಾತು. ನನ್ನ ಕತ್ತರೀಲಿ ಯಾರೂ ಕಾಗದ ಕತ್ತರಿಸಬಾರದು. ಬಟ್ಟೆ ಕತ್ತರಿಗೆ ಕಾಗದ ಅಂದ್ರೆ ವಿಷ."

ಕೊನೆಯ ಮಾತನ್ನು ಅವಳು ಚೂಟಿಯನ್ನು ನೋಡಿಕೊಂಡೇ ಹೇಳಿದ್ದಳು.

ಈಗ ಮಂಗಳವಾರ ಸಂಜೆ. ಮಾವನ ಪ್ಯಾಂಟಿನಿಂದ ಸೀಮೆಎಣ್ಣೆ ತೊಟ್ಟಿಕ್ಕುತ್ತಿತ್ತು. ಅಮ್ಮ ಒಂದು ಸಣ್ಣ ಬ್ರಷ್ಷಿನಲ್ಲಿ ಬಿಳಿ ಬಣ್ಣ ತೆಗೆದುಕೊಂಡು ನಟ್ಟಿನ ಮೇಲಿಂದ ಅದರ ಹಿಂದಿನ ಕಬ್ಬಿಣದ ಬಿಲ್ಲೆಯವರೆಗೆ ಒಂದು ನೇರ ಗೆರೆ ಎಳೆದಳು.

"ಇನ್ಮೇಲೆ ಅಲ್ಲಾಡ್ತೋ ಇಲ್ವೋ ಅಂತ ಕೇಳೋದೇ ಬೇಡ," ಎಂದಳು. "ಅಲ್ಲಾಡಿದ್ರೆ ಗೆರೆ ತುಂಡಾಗತ್ತೆ."

*

ಮನೆಯಲ್ಲಿ ಅವಳು ಚೂಟಿ. ಶಾಲೆಯಲ್ಲಿ ಎಡವಟ್ಟು. ಹತ್ತು ನಿಮಿಷ ನಡೆದರೆ ಸಾಕು, ಅದೇ ಹುಡುಗಿ ಬೇರೆಯವಳಾಗುತ್ತಿದ್ದಳು.

ಚೂಟಿ ಎಡಗೈಯಲ್ಲಿ ಬರೆಯುತ್ತಿದ್ದಳು, ಎಡಗೈಯಲ್ಲಿ ಚೆಂಡು ಎಸೆಯುತ್ತಿದ್ದಳು. ಅದರಿಂದೇನೂ ತೊಂದರೆ ಇರಲಿಲ್ಲ. ತೊಂದರೆ ಬರುತ್ತಿದ್ದದ್ದು ಬುಧವಾರ ಮತ್ತು ಶುಕ್ರವಾರ, ಕ್ರಾಫ್ಟ್ ಪೀರಿಯಡ್ಡಿನಲ್ಲಿ. ಮಿಸ್ ಎಲ್ಲರಿಗೂ ಒಂದೊಂದು ಕತ್ತರಿ ಕೊಡುತ್ತಿದ್ದರು. ಎಲ್ಲರ ಕತ್ತರಿಯೂ ಕಚಕ್ ಕಚಕ್ ಎಂದು ಓಡುತ್ತಿತ್ತು. ಚೂಟಿಯ ಕತ್ತರಿ ಮಾತ್ರ ಕಾಗದವನ್ನು ಎರಡು ಬ್ಲೇಡುಗಳ ನಡುವೆ ಮಡಚಿಕೊಂಡು ಸುಮ್ಮನಾಗುತ್ತಿತ್ತು.

ಈ ಬುಧವಾರ ವೃತ್ತ ಕತ್ತರಿಸಬೇಕಿತ್ತು. ಚೂಟಿ ನಾಲಿಗೆ ಹೊರಗಿಟ್ಟು, ಉಸಿರು ಬಿಗಿಹಿಡಿದು ಕತ್ತರಿಸಿದಳು. ಬಂದದ್ದು ಇಲಿ ಕಚ್ಚಿದ ಬಿಸ್ಕತ್ತು.

"ಬಲಗೈಯಲ್ಲಿ ಹಿಡಿದು ನೋಡು ಪುಟ್ಟ," ಎಂದರು ಮಿಸ್. ಪಾಪ, ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಬಲಗೈಯಲ್ಲಿ ಹಿಡಿದರೆ ಕತ್ತರಿ ಕೇಳುತ್ತಿತ್ತು, ಕೈ ಕೇಳುತ್ತಿರಲಿಲ್ಲ. ಗೆರೆ ಒಂದು ಕಡೆ, ಕತ್ತರಿ ಇನ್ನೊಂದು ಕಡೆ.

"ಏ ಎಡವಟ್ಟು, ಅದು ವೃತ್ತನಾ, ಮೋಡನಾ?" ಎಂದ ಮುಂದಿನ ಬೆಂಚಿನ ಹುಡುಗ. ಅವನನ್ನು ಎಲ್ಲರೂ ಕನ್ನಡಕ ಎಂದೇ ಕರೆಯುತ್ತಿದ್ದರು. ಕನ್ನಡಕ ಕೆಟ್ಟವನೇನಲ್ಲ, ಆದರೆ ಬಾಯಿಗೆ ಬಂದದ್ದನ್ನು ಒಳಗೆ ಇಟ್ಟುಕೊಳ್ಳುವುದು ಅವನಿಗೆ ಗೊತ್ತಿರಲಿಲ್ಲ. ಎಲ್ಲರೂ ನಕ್ಕರು. ಚೂಟಿಯೂ ನಕ್ಕಳು, ಅಳು ಬರಬಾರದೆಂದು. ಮೋಡವನ್ನು ಮಡಚಿ ಮಡಚಿ ಜೇಬಿಗೆ ಸೇರಿಸಿದಳು. ತನ್ನ ಕೈಯಲ್ಲೇ ಏನೋ ಕೆಟ್ಟಿದೆ ಎಂದು ಅವಳಿಗೆ ಅನುಮಾನವೇ ಇರಲಿಲ್ಲ.

ಸಂಜೆ ಮನೆಗೆ ಬಂದಾಗ ಮಾವ ಒಂದು ಕಬ್ಬಿಣದ ಪೈಪು ತಂದಿದ್ದ. ಅದನ್ನು ಸ್ಪ್ಯಾನರಿನ ಹಿಡಿಗೆ ತೂರಿಸಿದ. ಹಿಡಿ ಉದ್ದವಾದಷ್ಟೂ ಬಲ ಹೆಚ್ಚು. ಒಡೆದ ಕಲ್ಲು ತಿರುಗದಂತೆ ಅಮ್ಮ ಮರದ ಬೆಣೆ ಕೊಟ್ಟಳು. ಗ್ರೈಂಡರನ್ನು ಒಂದು ದಪ್ಪ ಹಲಗೆಗೆ ಬಿಗಿದಿದ್ದರು, ಆ ಹಲಗೆ ಜರುಗದಂತೆ ಅದರ ಮೇಲೆ ಕೂರುವುದು ಚೂಟಿಯ ಕೆಲಸ. ಅವಳ ತೂಕ ಮನೆಯ ಉಪಯೋಗಕ್ಕೆ ಬಂದದ್ದು ಅದೇ ಮೊದಲು.

"ಬಲಕ್ಕೆ ಬಿಗಿ," ಎಂದ ಮಾವ.

"ಎಡಕ್ಕೆ ಸಡಿಲ," ಎಂದರು ಅಮ್ಮ ಮತ್ತು ಚೂಟಿ. ಚಿಕ್ಕಂದಿನಲ್ಲಿ ಚೂಟಿ ಎಲ್ಲ ಮುಚ್ಚಳಗಳನ್ನೂ ತಿರುಗುಮುರುಗು ತಿರುಗಿಸುತ್ತಿದ್ದಾಗ ಮಾವ ಕಲಿಸಿದ ಪದ ಅದು. ಈಗ ಇಡೀ ಮನೆಗೇ ಬಾಯಿಪಾಠ.

ಮಾವ ಪೈಪನ್ನು ಎಳೆದ. ಕಟ್ ಎಂದು ಒಂದು ಸಣ್ಣ ಸದ್ದು.

"ಅಲ್ಲಾಡ್ತು," ಎಂದಳು ಅಮ್ಮ. ಮೂವರೂ ಬಗ್ಗಿ ನೋಡಿದರು. ನಿಜ. ಬಿಳಿ ಗೆರೆ ತುಂಡಾಗಿತ್ತು. ನಟ್ಟಿನ ಮೇಲಿನ ತುಂಡು ಕೂದಲೆಳೆಯಷ್ಟು ಎಡಕ್ಕೆ ಸರಿದಿತ್ತು.

ಮಾವ ಅಂಗೈಗೆ ಉಫ್ ಎಂದು ಊದಿಕೊಂಡು ಮತ್ತೆ ಎಳೆದ. ಆಗಲಿಲ್ಲ. ಇನ್ನೊಮ್ಮೆ ಎಳೆದ. ಮೊದಲಿಗಿಂತ ಗಟ್ಟಿ.

"ಬಿಚ್ಕೊಳ್ತಾ ಇದ್ರೆ ಸಡಿಲ ಆಗ್ಬೇಕಲ್ವಾ ಮಾವ?"

"ತುಕ್ಕಿನ ಬುದ್ಧಿ ನಿಂಗೆ ಗೊತ್ತಿಲ್ಲ. ಸೋಲೋ ಮುಂಚೆ ಹಟ ಜಾಸ್ತಿ ಮಾಡತ್ತೆ," ಎಂದ ಮಾವ, ತುಕ್ಕಿನ ಜೊತೆ ಶಾಲೆಗೆ ಹೋದವನ ಹಾಗೆ. "ನಾಳೆ ಬೇಕರಿ ಗಾಡಿಯವನ ಹತ್ರ ಇದಕ್ಕೆ ಎರಡರಷ್ಟು ಉದ್ದದ ಪೈಪು ತರ್ತೀನಿ. ಜೊತೆಗೆ ದೊಡ್ಡ ಸುತ್ತಿಗೆ."

ಮಾವ ಕೈ ತೊಳೆಯಲು ಹೋದ ಮೇಲೆ ಅಮ್ಮ ಗ್ರೈಂಡರಿನ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ನಿಂತಳು.

"ಸುತ್ತಿಗೆ ಬಿದ್ರೆ ಕಲ್ಲು ತಿರುಗಿಸೋ ದಂಡ ಬಗ್ಗತ್ತೆ ಚೂಟಿ. ದಂಡ ಬಗ್ಗಿದ್ರೆ ಮೆಷಿನ್ ಗುಜರಿಗೇ ವಾಪಸ್ಸು. ಆ ಹಳೇ ಅಂಗಡೀಲಿ ಕಲ್ಲು ಬದಲಾಯಿಸೋವಾಗ ಒಂದಿನ ಹತ್ರ ನಿಂತು ನೋಡಿದ್ರೆ ಆಗ್ತಿತ್ತು. ಯಜಮಾನ್ರು ರಜಾ ದಿನ ಬಂದು ಮಾಡ್ಕೊಳ್ತಿದ್ರು. ನಾನೂ ಕೇಳಲಿಲ್ಲ."

"ಯಾರಾದ್ರೂ ಮೆಕ್ಯಾನಿಕ್ ಹತ್ರ ತಗೊಂಡು ಹೋಗೋಣ?"

"ಫೋನ್ ಮಾಡಿದ್ದೆ. ಮುಂದಿನ ವಾರ ತಂದು ಬಿಟ್ಟು ಹೋಗಿ, ನೋಡೋಣ ಅಂದ್ರು." ಅಮ್ಮ ಮೂಲೆಯಲ್ಲಿದ್ದ ಕತ್ತರಿಗಳ ಗಂಟನ್ನು ನೋಡಿದಳು. "ಶುಕ್ರವಾರ ಮುಂದಿನ ವಾರದ ತನಕ ಕಾಯಲ್ವಲ್ಲ."

ಅಮ್ಮನಿಗೆ ಹೆದರಿಕೆಯಾಗಿತ್ತು. ಅಮ್ಮನಿಗೂ ಹೆದರಿಕೆಯಾಗುತ್ತದೆ ಎಂದು ಚೂಟಿಗೆ ಗೊತ್ತಾದದ್ದು ಆಗಲೇ.

*

ಗುರುವಾರ ಚೂಟಿ ಶಾಲೆಯಿಂದ ಬಂದಾಗ ನಾಲ್ಕು ಗಂಟೆ. ಮಾವ ಇನ್ನೂ ಬಂದಿರಲಿಲ್ಲ. ಅಮ್ಮ ಹೊರಗೆ ಗ್ರೈಂಡರಿನ ಮುಚ್ಚಳಗಳಿಗೆ ಹಸಿರು ಬಣ್ಣ ಬಳಿಯುತ್ತಿದ್ದಳು.

"ಚೂಟಿ, ಒಂದು ಕೆಲಸ ಮಾಡು. ಹೊಸ ಕಲ್ಲಿಗೂ ಕಬ್ಬಿಣದ ಬಿಲ್ಲೆಗೂ ಮಧ್ಯೆ ರಟ್ಟಿನ ಉಂಗುರ ಹಾಕ್ಬೇಕು, ಎರಡು ಕಡೆ ಎರಡು. ಹಾಕದಿದ್ರೆ ಬಿಗಿ ಮಾಡೋವಾಗ ಕಲ್ಲು ಒಡೆಯತ್ತೆ. ತೆಳು ರಟ್ಟಲ್ಲಿ ಬಿಲ್ಲೆ ಇಟ್ಟು ಗೆರೆ ಹಾಕಿದ್ದೀನಿ. ಕತ್ತರಿಸು. ನೀಟಾಗಿರ್ಲಿ, ಒಂದು ಕಡೆ ದಪ್ಪ ಒಂದು ಕಡೆ ಸಣ್ಣ ಆಗ್ಬಾರ್ದು."

ಎಲ್ಲ ಬಿಟ್ಟು ವೃತ್ತ. ಚೂಟಿ ಮನೆಯ ಕತ್ತರಿ ತೆಗೆದುಕೊಂಡು ಕೂತಳು. ಮೊದಲನೆಯದು ಹರಿಯಿತು. ಎರಡನೆಯದು ಮೋಡವಾಯಿತು. ಇನ್ನು ರಟ್ಟು ಉಳಿದದ್ದು ಸರಿಯಾಗಿ ಎರಡು ಉಂಗುರಕ್ಕೆ.

ಅವಳ ಕಣ್ಣು ಮೂಲೆಯ ಗಂಟಿನ ಮೇಲೆ ಬಿತ್ತು. ಟೈಲರಮ್ಮನ ಕತ್ತರಿಗಳು. ಮುಟ್ಟುವ ಹಾಗಿಲ್ಲ. ಕಾಗದ ಅಂದ್ರೆ ವಿಷ. ಆದರೆ ಒಂದು ಕತ್ತರಿಯನ್ನು ಟೈಲರಮ್ಮನೇ ಬಿಸಾಕಿ ಎಂದಿದ್ದಳಲ್ಲ? ಬಿಸಾಡುವ ಕತ್ತರಿಗೆ ವಿಷ ಹಾಕಿದರೆ ಎಷ್ಟು, ಬಿಟ್ಟರೆ ಎಷ್ಟು. ಚೂಟಿ ಬಾಗಿಲ ಕಡೆ ನೋಡಿದಳು. ಕೆಂಪು ಬಟ್ಟೆ ಬಿಚ್ಚಿದಳು. ಭಾರವಾದ, ಕಪ್ಪು ಹಿಡಿಯ ಕತ್ತರಿ. ಬೆರಳುಗಳನ್ನು ತೂರಿಸಿದಳು.

ಹಿಡಿ ಅವಳ ಎಡಗೈಯೊಳಗೆ ತಾನಾಗಿ ಹೋಗಿ ಕೂತಿತು. ಹೆಬ್ಬೆರಳಿಗೆ ಎಲ್ಲೂ ಒತ್ತಲಿಲ್ಲ. ಚೂಟಿ ರಟ್ಟಿನ ಮೇಲೆ ಇಟ್ಟು ಮೆಲ್ಲನೆ ಒತ್ತಿದಳು.

ಕಚಕ್.

ಅವಳು ನಿಂತಳು. ಮತ್ತೆ ಒತ್ತಿದಳು. ಕಚಕ್, ಕಚಕ್. ಮೊಂಡಾಗಿದ್ದರೂ ಕತ್ತರಿ ಗೆರೆಯ ಮೇಲೆಯೇ ನಡೆಯಿತು. ಗೆರೆಯೂ ಕಣ್ಣಿಗೆ ನೇರವಾಗಿ ಕಾಣುತ್ತಿತ್ತು, ಬ್ಲೇಡು ಅಡ್ಡ ಬರುತ್ತಿರಲಿಲ್ಲ. ವೃತ್ತ ಸುತ್ತಿಕೊಂಡು ಬಂದು ಹೊರಟಲ್ಲಿಗೇ ಸೇರಿತು. ತುಂಡು ನೆಲಕ್ಕೆ ಬಿತ್ತು. ಚೂಟಿ ಅದನ್ನು ಎತ್ತಿ ಬೆಳಕಿಗೆ ಹಿಡಿದಳು. ದುಂಡಗಿತ್ತು. ಹುಟ್ಟಿದಾಗಿನಿಂದ ಅವಳು ಕತ್ತರಿಸಿದ ಮೊದಲ ದುಂಡನೆಯ ವೃತ್ತ.

ಕತ್ತರಿಯನ್ನು ಬಲಗೈಗೆ ಬದಲಿಸಿ, ಮೋಡವಾಗಿದ್ದ ರಟ್ಟಿನ ಮೇಲೆ ನೋಡಿದಳು. ರಟ್ಟು ಮಡಚಿಕೊಂಡು ಒಳಗೆ ಸಿಕ್ಕಿಕೊಂಡಿತು. ಅಗಿಯಿತು, ಟೈಲರಮ್ಮ ಹೇಳಿದ ಹಾಗೆಯೇ. ಎಡಗೈಗೆ ಬದಲಿಸಿದಳು. ಕಚಕ್.

ಮನೆಯ ಕತ್ತರಿಯನ್ನೂ ಈ ಕತ್ತರಿಯನ್ನೂ ಪಕ್ಕಪಕ್ಕ ಇಟ್ಟು ನೋಡಿದಳು. ಒಂದರಲ್ಲಿ ಯಾವ ಬ್ಲೇಡು ಮೇಲಿತ್ತೋ ಇನ್ನೊಂದರಲ್ಲಿ ಅದು ಕೆಳಗಿತ್ತು. ಕನ್ನಡಿಯಲ್ಲಿ ನೋಡಿದ ಹಾಗೆ. ಈ ಕತ್ತರಿ ಕೆಟ್ಟಿರಲಿಲ್ಲ. ಇದನ್ನು ಮಾಡಿದ್ದೇ ಹೀಗೆ. ಎಲ್ಲರೂ ತಪ್ಪು ಕೈಯಲ್ಲಿ ಹಿಡಿದು ಬೈಯುತ್ತಿದ್ದರು, ಅಷ್ಟೇ.

ಚೂಟಿ ತಲೆ ಎತ್ತಿದಳು. ಎದುರಿಗೆ ಗ್ರೈಂಡರ್ ಎರಡು ಕಲ್ಲುಗಳನ್ನು ಎರಡು ಕಡೆ ಚಾಚಿಕೊಂಡು ಕೂತಿತ್ತು. ಬಲಗಡೆ ಮಾತು ಕೇಳುವ ನಟ್ಟು. ಎಡಗಡೆ ಹಟಮಾರಿ ನಟ್ಟು. ಅದರ ಮೇಲೆ ತುಂಡಾದ ಬಿಳಿ ಗೆರೆ. ಎಡಕ್ಕೆ ಸರಿದಿದೆ, ಆದರೆ ಇನ್ನೂ ಗಟ್ಟಿಯಾಗಿದೆ.

ಹೊರಗೆ ಗಾಡಿ ನಿಂತ ಸದ್ದು. "ಸಿಕ್ತು," ಎಂದು ಮಾವ ಕೂಗುತ್ತಿದ್ದ. "ಪೈಪು, ಸುತ್ತಿಗೆ, ಎರಡೂ."

ಮಾವ ಒಳಗೆ ಬಂದವನೇ ಪೈಪನ್ನು ಸ್ಪ್ಯಾನರಿಗೆ ತೂರಿಸಿದ. ಚೂಟಿ ಓಡಿಹೋಗಿ ಗ್ರೈಂಡರಿಗೆ ಅಡ್ಡ ನಿಂತಳು.

"ಮಾವ, ಬೇಡ. ಬಲಕ್ಕೆ ತಿರುಗಿಸು."

"ಬಲಕ್ಕೆ ಬಿಗಿ ಕಣೇ. ನಾನೇ ಕಲಿಸಿದ್ದು."

"ಇದಕ್ಕಲ್ಲ. ಇದಕ್ಕೆ ಬಲಕ್ಕೆ ಸಡಿಲ. ಮೂರು ದಿನದಿಂದ ನಾವು ಇದನ್ನ ಬಿಗಿ ಮಾಡ್ತಾ ಇದೀವಿ."

ಮಾವ ಕಣ್ಣು ಪಿಳಿಪಿಳಿ ಬಿಟ್ಟ. ಅಮ್ಮ ಬಣ್ಣದ ಬ್ರಷ್ ಹಿಡಿದೇ ಒಳಗೆ ಬಂದಳು. "ಯಾರು ಹೇಳಿದ್ದು?"

ಚೂಟಿ ಏನು ಹೇಳಬೇಕೆಂದು ತಡಕಾಡಿದಳು. ತಲೆಯೊಳಗೆ ಎಲ್ಲವೂ ಸರಿಯಾಗಿತ್ತು, ಬಾಯಿಗೆ ಬರುವಾಗ ಸಿಕ್ಕುಸಿಕ್ಕಾಯಿತು. "ಅಮ್ಮ, ಅದಕ್ಕೆ ಎರಡು ಕೈ ಇದೆ," ಎಂದಳು ಕೊನೆಗೆ. "ಒಂದು ಬಲಗೈ. ಇದು ಎಡಗೈ. ಈ ಕತ್ತರಿ ಥರಾನೇ. ನೋಡು." ಅವಳು ಎಡಗೈಯಲ್ಲಿ ಹಾಳಾದ ರಟ್ಟನ್ನು ಕಚಕ್ ಎಂದು ಕತ್ತರಿಸಿದಳು. ಬಲಗೈಯಲ್ಲಿ ಹಿಡಿದು ಅಗಿಸಿದಳು. "ಗೆರೆ ಸರಿದಿದೆ ಅಲ್ವಾ? ಸರಿದ ಮೇಲೆ ಯಾಕೆ ಇನ್ನೂ ಗಟ್ಟಿ ಆಯ್ತು?"

ಟೈಲರಮ್ಮನ ಕತ್ತರಿ, ರಟ್ಟು, ಎರಡನ್ನೂ ಅಮ್ಮ ನೋಡಿದಳು. ಬೈಯಲು ಬಾಯಿ ತೆರೆದಳು. ಬೈಯಲಿಲ್ಲ. ಗ್ರೈಂಡರಿನ ಎದುರು ಬಂದು ನಿಂತಳು. ಎರಡೂ ಕೈಗಳನ್ನು ಎರಡು ಕಲ್ಲುಗಳ ಮೇಲಿಟ್ಟು, ಗಾಳಿಯಲ್ಲಿ ತನ್ನ ಕಡೆಗೆ ತಿರುಗಿಸಿದ ಹಾಗೆ ಮಾಡಿದಳು. ಮೆಷಿನ್ ಓಡುವಾಗ ಕಲ್ಲು ತಿರುಗುವುದು ಹಾಗೆಯೇ. ಮೆಲ್ಲನೆ ಹೇಳಿದಳು:

"ಬಲಗಡೆ ನಿಂತು ನೋಡಿದ್ರೆ ಕಲ್ಲು ಎಡಕ್ಕೆ ತಿರುಗತ್ತೆ. ಎಡಗಡೆ ನಿಂತು ನೋಡಿದ್ರೆ ಬಲಕ್ಕೆ. ಎರಡು ನಟ್ಟಿಗೂ ಒಳಗಿನ ತಿರುಪು ಗೆರೆ, ಅದೇ ಪುರಿ, ಒಂದೇ ಥರ ಹಾಕಿದ್ರೆ ಓಡ್ತಾ ಓಡ್ತಾ ಒಂದು ನಟ್ಟು ತಾನೇ ಬಿಚ್ಕೊಂಡು ಹಾರಿ ಹೋಗತ್ತೆ." ಅವಳು ತಮ್ಮನ ಕಡೆ ತಿರುಗಿದಳು. "ಬಲಕ್ಕೆ ತಿರುಗಿಸು."

"ಅಕ್ಕ, ಇನ್ನೂ ಬಿಗಿಯಾದ್ರೆ ದೇವರು ಬಂದ್ರೂ ಬಿಚ್ಚಕ್ಕಾಗಲ್ಲ."

"ಗೆರೆ ನೋಡ್ತಾ ಇರ್ತೀನಿ. ಮೆಲ್ಲಗೆ."

ಚೂಟಿ ಹಲಗೆಯ ಮೇಲೆ ಕೂತಳು. ಕೈಯಲ್ಲಿ ಇನ್ನೂ ಆ ಕತ್ತರಿ ಇತ್ತು. ತಪ್ಪಾಗಿದ್ದರೆ ಎಂಬ ಯೋಚನೆ ಬಂತು. ತಪ್ಪಾಗಿದ್ದರೆ ನಾಳೆ ಟೈಲರಮ್ಮ ಗಂಟು ಎತ್ತಿಕೊಂಡು ಹೋಗುತ್ತಾಳೆ. ಅಂಗಡಿ ಶುರುವಾಗುವ ಮೊದಲೇ ಮುಗಿಯುತ್ತದೆ. ಅದು ಎಲ್ಲಕ್ಕಿಂತ ದೊಡ್ಡ ಎಡವಟ್ಟು.

ಮಾವ ಪೈಪು ಹಿಡಿದ. ಮಂತ್ರ ಹೇಳಲು ಬಾಯಿ ತೆರೆದು, ಯಾವುದು ಹೇಳಬೇಕೆಂದು ತಿಳಿಯದೆ ಮುಚ್ಚಿಕೊಂಡ. ಬಲಕ್ಕೆ ಒತ್ತಿದ.

ಏನೂ ಆಗಲಿಲ್ಲ.

"ನೀನೇ ಮೂರು ದಿನ ಬಿಗಿ ಮಾಡಿದ್ದಲ್ವಾ," ಎಂದಳು ಅಮ್ಮ. "ಅಷ್ಟು ಬೇಗ ಬಿಡತ್ತಾ? ಇನ್ನೊಂದು ಚೂರು."

ಮಾವ ಇನ್ನೊಂದು ಚೂರು ಒತ್ತಿದ. ಕಿರ್ರ್ ಎಂದು ಕೋಣೆಯೆಲ್ಲ ಕೇಳುವ ಹಾಗೆ ನಟ್ಟು ಕಿರುಚಿತು. ಬಿಳಿ ಗೆರೆ ಕೂಡಿತು, ದಾಟಿತು, ಆ ಕಡೆಗೆ ಹೋಯಿತು. ಮಾವ ಪೈಪು ತೆಗೆದ. ಸ್ಪ್ಯಾನರನ್ನೂ ತೆಗೆದ. ಎರಡೇ ಬೆರಳಲ್ಲಿ ನಟ್ಟನ್ನು ಬಲಕ್ಕೆ ತಿರುಗಿಸುತ್ತ ಹೋದ. ಅದು ಸರಸರನೆ ಬಂದು ಅವನ ಅಂಗೈಯಲ್ಲಿ ಕೂತಿತು.

ಮೂವರೂ ಅದರ ಮೇಲೆ ಬಗ್ಗಿದರು. ಆಮೇಲೆ ಮಾವ ನಗತೊಡಗಿದ. ಹೊಟ್ಟೆ ಹಿಡಿದುಕೊಂಡು, ಗೋಡೆಗೆ ಒರಗಿ, ಕಣ್ಣಲ್ಲಿ ನೀರು ಬರುವ ತನಕ ನಕ್ಕ. "ಮೂರು ದಿನ," ಎನ್ನುತ್ತಿದ್ದ. "ಮೂರು ದಿನ ನಾನೇ ಬಿಗಿ ಮಾಡಿದ್ದು. ಬೇಕರೀಲಿ ಯಾರಿಗೂ ಹೇಳ್ಬೇಡಿ." ಹಿಂದಕ್ಕೆ ಜರುಗಿ ಮತ್ತೆ ಸೀಮೆಎಣ್ಣೆಯ ತಟ್ಟೆಯೊಳಗೆ ಕಾಲಿಟ್ಟ.

ಉಳಿದ ಉಂಗುರವನ್ನೂ, ಎರಡರ ನಡುವಿನ ತೂತನ್ನೂ ಚೂಟಿ ಕತ್ತರಿಸಿದಳು. ಅಮ್ಮ ಒಡೆದ ಕಲ್ಲನ್ನು ತೆಗೆದು, ಹೊಸದನ್ನು ತಟ್ಟಿ ನೋಡಿದಳು. ಠಣ್. ಉಂಗುರ, ಕಲ್ಲು, ಉಂಗುರ, ಬಿಲ್ಲೆ, ನಟ್ಟು. ಈ ಸಲ ಎಡಕ್ಕೆ ಬಿಗಿ. ಅಮ್ಮ ಕಣ್ಣಿಗೆ ದಪ್ಪ ಕನ್ನಡಕ ಹಾಕಿಕೊಂಡು ಇಬ್ಬರನ್ನೂ ಬಾಗಿಲಾಚೆ ಕಳಿಸಿದಳು. ತಾನು ಒಂದು ಪಕ್ಕಕ್ಕೆ ನಿಂತು, ಟೇಬಲ್ ಫ್ಯಾನಿನ ಸ್ವಿಚ್ಚನ್ನು ಒತ್ತಿದಳು.

ಮೋಟರು ಮೊದಲು ಗುಂಯ್ ಎಂದು ಗೊಣಗಿತು. ಬಹಳ ದಿನ ಮಲಗಿದ್ದವರು ಎದ್ದೇಳುವಾಗ ಗೊಣಗುವ ಹಾಗೆ. ಆಮೇಲೆ ಎರಡೂ ಕಲ್ಲುಗಳು ಒಟ್ಟಿಗೆ ಹೊರಟವು. ಗೊಣಗು ಸಣ್ಣ ಹಾಡಾಯಿತು. ಚೂಟಿಯ ಹಳೆಯ ಚಪ್ಪಲಿಯ ಪಾದಗಳ ಮೇಲೆ ಗ್ರೈಂಡರ್ ಒಂದು ಚೂರೂ ಕುಣಿಯದೆ ನಿಂತು ಓಡಿತು.

"ಕುದುರೆ ಥರ," ಎಂದ ಮಾವ.

ಅಮ್ಮ ಒಂದು ಕತ್ತರಿಯನ್ನು ಹಗುರಾಗಿ ಕಲ್ಲಿಗೆ ತಾಗಿಸಿದಳು. ಕಿಡಿಗಳು ಹಳದಿ ಎಳೆಗಳಂತೆ ಕೆಳಗಿಳಿದವು. ಅಮ್ಮನಿಗೆ ಸಂತೋಷವಾಗಿತ್ತು. ಎಷ್ಟು ಸಂತೋಷವೆಂದರೆ, ಆ ದಪ್ಪ ಕನ್ನಡಕದ ಹಿಂದೆ ಅವಳು ಅಳುತ್ತಿದ್ದಳು.

*

ಶುಕ್ರವಾರ ಬೆಳಿಗ್ಗೆ ಟೈಲರಮ್ಮ ಬಂದಳು. ಚೀಲದಿಂದ ಒಂದು ಬಟ್ಟೆ ತೆಗೆದು ನಾಲ್ಕು ಮಡಿಕೆ ಮಾಡಿದಳು. ಒಂದೊಂದೇ ಕತ್ತರಿಯಲ್ಲಿ ಕತ್ತರಿಸಿ ನೋಡಿದಳು. ಒಂದು, ಎರಡು, ಮೂರು. ಹನ್ನೊಂದೂ ಬೆಣ್ಣೆಯಲ್ಲಿ ಹೋದ ಹಾಗೆ ಹೋದವು. ಅವಳ ಹುಬ್ಬು ಮೇಲೇರಿತು. ಕೊನೆಗೆ ಕಪ್ಪು ಹಿಡಿಯದನ್ನು ಎತ್ತಿಕೊಂಡಳು. ಬಟ್ಟೆ ಮಡಚಿಕೊಂಡಿತು.

"ನಾನು ಹೇಳ್ಲಿಲ್ವಾ. ದರಿದ್ರ."

"ಚೂಟಿ, ತೋರಿಸು," ಎಂದಳು ಅಮ್ಮ.

ಚೂಟಿ ಶಾಲೆಯ ಚೀಲ ಕೆಳಗಿಟ್ಟು ಬಂದಳು. ಕತ್ತರಿಯನ್ನು ಎಡಗೈಯಲ್ಲಿ ತೆಗೆದುಕೊಂಡು ನಾಲ್ಕು ಮಡಿಕೆಯ ಬಟ್ಟೆಯನ್ನು ಈ ತುದಿಯಿಂದ ಆ ತುದಿಗೆ ಒಂದೇ ಸಮನೆ ಕತ್ತರಿಸಿದಳು.

ಟೈಲರಮ್ಮ ಕತ್ತಿನ ಟೇಪನ್ನು ಹಿಡಿದುಕೊಂಡಳು. "ನಮ್ಮ ಹಳೇ ಕಟಿಂಗ್ ಮಾಸ್ಟರು," ಎಂದಳು ಆಮೇಲೆ. "ಅವರು ಎಡಗೈಲಿ ಕತ್ತರಿಸ್ತಿದ್ರು. ಅವರಂಥ ಕೈ ಆಮೇಲೆ ನನ್ನ ಅಂಗಡಿಗೆ ಬರ್ಲೇ ಇಲ್ಲ. ಅವರು ಹೋದ ಮೇಲೆ ಹದಿನೈದು ವರ್ಷ ನಾವೆಲ್ಲ ಸೇರಿ ಅವರ ಕತ್ತರೀನ ಬೈತಾ ಇದ್ವಿ."

ಚೂಟಿಗೆ ಸುಮ್ಮನಿರಲು ಆಗಲಿಲ್ಲ. "ನಾನು ಇದ್ರಲ್ಲಿ ರ‍ಟ್ಟು ಕತ್ತರಿಸಿದೆ ಆಂಟಿ. ಎರಡು ಉಂಗುರ. ತಪ್ಪಾಯ್ತು."

"ರಟ್ಟು?" ಟೈಲರಮ್ಮನ ದನಿ ಗಡುಸಾಯಿತು. ಕತ್ತರಿಯನ್ನು ತಿರುಗಿಸಿ ಮುರುಗಿಸಿ ನೋಡಿದಳು. ಆ ಹಳೆಯ ಕೆಂಪು ಬಟ್ಟೆಯಲ್ಲೇ ಸುತ್ತಿದಳು. ಚೂಟಿಯ ಕೈಗೆ ಕೊಟ್ಟಳು. "ಕಾಗದ ಕಂಡ ಕತ್ತರಿ ನನ್ನ ಅಂಗಡಿಗೆ ಬೇಡ. ನೀನೇ ಇಟ್ಕೋ." ಅಮ್ಮನ ಕಡೆ ತಿರುಗಿ, "ಸೋಮವಾರ ಎರಡನೇ ಅಂಗಡೀದು ಕಳಿಸ್ತೀನಿ," ಎಂದಳು, ಹೊರಟುಹೋದಳು.

ಮಾವ ಗ್ರೈಂಡರಿನ ಎಡಗಡೆಯ ಮುಚ್ಚಳವನ್ನು ತಟ್ಟಿದ. "ಇಲ್ಲಿ ಏನಾದ್ರೂ ಗುರುತು ಹಾಕ್ಬೇಕು. ಮುಂದಿನ ಸಲ ಮರೆತು ನಾನು ಮತ್ತೆ ತಟ್ಟೆ ಮೇಲೆ ಕೂರೋದು ಬೇಡ."

ಡಬ್ಬಿಯ ತಳದಲ್ಲಿ ಹಸಿರು ಬಣ್ಣ ಉಳಿದಿತ್ತು. ಚೂಟಿ ಎಡಗೈಯ ಹೆಬ್ಬೆರಳನ್ನು ಅದ್ದಿ, ನಟ್ಟಿನ ಹತ್ತಿರ, ಅಮ್ಮನ ಬಿಳಿ ಗೆರೆಯ ಪಕ್ಕದಲ್ಲಿ, ಒತ್ತಿದಳು.

"ಇಷ್ಟು ಓದಿಸಿದ್ದಕ್ಕೆ ಹೆಬ್ಬೆಟ್ಟು ಒತ್ತಿದ್ಯಲ್ಲೇ," ಎಂದಳು ಅಮ್ಮ, ನಗುತ್ತ. "ಹೊರಡು, ಹೊತ್ತಾಯ್ತು. ಕತ್ತರಿ ಇಲ್ಲೇ ಇರ್ಲಿ, ಇಷ್ಟು ಹರಿತದ್ದು ಶಾಲೆಗೆ ಬೇಡ."

ಮೂರನೆಯ ಪೀರಿಯಡ್ ಕ್ರಾಫ್ಟ್. ಮಿಸ್ ಕತ್ತರಿಗಳನ್ನು ಹಂಚುತ್ತ ಬಂದರು.

"ಏ ಎಡವಟ್ಟು," ಎಂದು ಕನ್ನಡಕ ಹಿಂದಕ್ಕೆ ತಿರುಗಿದ. "ಏನದು, ಬೆರಳೆಲ್ಲ ಹಸಿರು?"

"ಏನಿಲ್ಲ, ನಮ್ಮ ಮೆಷಿನ್ ರಿಪೇರಿ ಮಾಡಿದ್ವಿ," ಎಂದಳು ಚೂಟಿ. ಆ ಹೆಸರು ಕೇಳಿಯೂ ಬೇಜಾರಾಗಲಿಲ್ಲವಲ್ಲ ಎಂದು ಅವಳಿಗೇ ಆಶ್ಚರ್ಯವಾಯಿತು.

ಮಿಸ್ ಅವಳ ಮುಂದೆ ಕತ್ತರಿ ಇಟ್ಟರು. ಚೂಟಿ ಅದನ್ನು ಎತ್ತಿಕೊಂಡಳು. ಯಾವ ಬ್ಲೇಡು ಮೇಲಿದೆ ಎಂದು ನೋಡಿದಳು. ಮೆಲ್ಲನೆ ಮೇಜಿನ ಮೇಲೆ ವಾಪಸ್ಸು ಇಟ್ಟಳು.

"ಯಾಕೆ ಪುಟ್ಟ?"

"ಇದು ಬಲಗೈ ಕತ್ತರಿ ಮಿಸ್," ಎಂದಳು. "ನಂಗೆ ಎಡಗೈದು ಬೇಕು."

ಮಿಸ್ ಆ ಕತ್ತರಿಯನ್ನು ಎತ್ತಿಕೊಂಡು, ಕಿಟಕಿಯ ಹತ್ತಿರ ಹೋಗಿ, ಮೊದಲ ಸಲ ನೋಡುವವರ ಹಾಗೆ ಅದನ್ನು ತಿರುಗಿಸಿ ನೋಡಿದರು.